ತಾರೀಖು ಬದಲಾಯಿತು, ಕೆಲಸದ ರೀತಿ ಬದಲಾಯಿತಾ?

ಸಾಫ್ಟ್‌ವೇರ್ ಪ್ರಾಜೆಕ್ಟ್ ತಡವಾದರೆ ಸಾಕು, ಎಲ್ಲರ ಕೈ ಮೊದಲು ಹೋಗುವುದು ಪ್ಲ್ಯಾನ್ ಮೇಲೆ. ತಾರೀಖು ಮುಂದಕ್ಕೆ ಹಾಕುತ್ತಾರೆ. ಇನ್ನೊಂದಿಷ್ಟು ಜನರನ್ನು ಸೇರಿಸುತ್ತಾರೆ. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು. ಆದರೂ ಕೆಲಸ ಮಾಡುವ ರೀತಿಯನ್ನು ಯಾರೂ ಮುಟ್ಟುವುದಿಲ್ಲ. ನನಗೆ ನಿಜಕ್ಕೂ ಬೇಸರ ತರಿಸುವುದು ಇದೇ.

ಯಾರು, ಏನು, ಯಾವಾಗ ಅನ್ನುವುದು ಪ್ಲ್ಯಾನ್. ಅದು ಆ ಒಂದು ಪ್ರಾಜೆಕ್ಟಿನದ್ದು. ಎಸ್ಟಿಮೇಟ್ ಹೇಗೆ ಹಾಕುತ್ತೀರಿ, ಟೆಸ್ಟ್ ಹೇಗೆ ಬರೆಯುತ್ತೀರಿ, ಇವು ಮೆಥಡ್‌ಗಳು. ಈ ಮೆಥಡ್‌ಗಳು ಯಾಕೆ ಜೊತೆಗಿರಬೇಕು ಅನ್ನುವ ಕಾರಣ ಇರುತ್ತದಲ್ವಾ, ಮೆಥಡಾಲಜಿಯ, ಅಂದರೆ ಇವೆಲ್ಲ ಸೇರಿ ಆಗುವ ಕೆಲಸದ ರೀತಿಯ, ಜೀವ ಅಲ್ಲಿದೆ.

ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನುವ ಮೆಥಡಾಲಜಿ ನೋಡಿ. ಅದರಲ್ಲಿ ಮುಂಚೆಯೇ ಇಡೀ ಡಿಸೈನ್ ಮಾಡಿ ಕೂರುವುದಿಲ್ಲ. ಇವತ್ತಿಗೆ ಬೇಕಾದಷ್ಟು ಮಾಡಿ, ನಾಳೆ ಕೋಡನ್ನು ತಿದ್ದುತ್ತಾರೆ. ಹಾಗೆ ತಿದ್ದಲು ಧೈರ್ಯ ಎಲ್ಲಿಂದ ಬರಬೇಕು? ಆಟೊಮೇಟೆಡ್ ಟೆಸ್ಟ್‌ಗಳಿಂದ. ಏನಾದರೂ ಮುರಿದರೆ ಅವು ತಕ್ಷಣ ಹೇಳುತ್ತವೆ. ಈಗ ಟೈಮ್ ಇಲ್ಲ ಅಂತ ಟೆಸ್ಟ್ ಬಿಟ್ಟುಬಿಡಿ. ಹಳೇ ಕೋಡ್ ಮುಟ್ಟಲು ಎಲ್ಲರಿಗೂ ಭಯ. ಡಿಸೈನ್ ಮೊದಲೂ ಮಾಡಿಲ್ಲ, ಆಮೇಲೂ ಮಾಡುತ್ತಿಲ್ಲ. ಒಂದೇ ಒಂದು ಮೆಥಡ್ ಬಿಟ್ಟಿದ್ದಕ್ಕೆ ಉಳಿದದ್ದೂ ಕುಸಿಯಿತು. ಪ್ಲ್ಯಾನ್‌ನಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಟೀಮ್ ಕೆಲಸ ನಡೆಸಲು ಬಳಸುವ ಸ್ಕ್ರಮ್ ಅನ್ನುವ ಚೌಕಟ್ಟಿನ ಕಥೆಯೂ ಹೀಗೇ. ಸ್ಕ್ರಮ್ ಬೇಕಂತಲೇ ಅಪೂರ್ಣವಾಗಿದೆ ಅಂತ 2020ರ ಸ್ಕ್ರಮ್ ಗೈಡ್‌ನಲ್ಲೇ ಬರೆದಿದ್ದಾರೆ. ಕೋಡ್ ಹೇಗೆ ಬರೆಯಬೇಕು, ಟೆಸ್ಟ್ ಹೇಗೆ ಮಾಡಬೇಕು ಅಂತ ಅದು ಹೇಳುವುದಿಲ್ಲ. ಆ ಜಾಗ ತುಂಬಬೇಕಾದವರು ಟೀಮಿನವರು. ಸ್ಕ್ರಮ್ ಹೇಳುವಂತೆ ದಿನಾ 15 ನಿಮಿಷ ಸೇರಿ ಮಾತಾಡಿದ ಮಾತ್ರಕ್ಕೆ ಅದು ತುಂಬುವುದಿಲ್ಲ.

ಹಾಗಂತ ಪ್ಲ್ಯಾನ್ ಬೇಡವಾ? ಖಂಡಿತ ಬೇಕು. ಸಾಫ್ಟ್‌ವೇರ್ ಮಾಡುವ ರೀತಿಯ ಬಗ್ಗೆ ಕೆಲವು ಡೆವಲಪರ್‌ಗಳು ಬರೆದ ಘೋಷಣೆಯಾದ 2001ರ ಅಜೈಲ್ ಮ್ಯಾನಿಫೆಸ್ಟೊ ಕೂಡ ಪ್ಲ್ಯಾನ್‌ಗೆ ಬೆಲೆ ಇಲ್ಲ ಅನ್ನಲಿಲ್ಲ. ಬದಲಾವಣೆಗೆ ಸ್ಪಂದಿಸುವುದಕ್ಕೆ ಇನ್ನೂ ಜಾಸ್ತಿ ಬೆಲೆ ಕೊಡುತ್ತೇವೆ ಅಂದಿತು, ಅಷ್ಟೇ.

ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಪ್ಲ್ಯಾನ್ ತಪ್ಪಿದಾಗ ಹೊಸ ತಾರೀಖು ಬರೆಯುವ ಮುಂಚೆ ಟೀಮನ್ನು ಕೂರಿಸಿ ಕೇಳಿ: ಹಳೇ ತಾರೀಖು ಯಾವ ಲೆಕ್ಕದಿಂದ ಬಂತು? ಕೆಲಸ ಎಲ್ಲಿ ಕಾಯುತ್ತಾ ನಿಂತಿತ್ತು? ರಿವ್ಯೂಗಾ, ಟೆಸ್ಟಿಂಗ್‌ಗಾ, ಯಾರದೋ ಒಪ್ಪಿಗೆಗಾ? ಅದು ಗೊತ್ತಾದ ಮೇಲೆ, ಆ ಒಂದು ಮೆಥಡ್ ಬದಲಾಯಿಸಿ, ಆಮೇಲೆ ತಾರೀಖು ಹಾಕಿ.