ಲ್ಯಾಬಿನ ತಲೆಗೆ ಕೂದಲಿಲ್ಲ, ನಮಗಿದೆ

ನಮಸ್ಕಾರ. ಇವತ್ತು ಸೈಕಲ್ ಹೆಲ್ಮೆಟ್ ಬಗ್ಗೆ ಮಾತಾಡೋಣ. ಶುರು ಮಾಡುವುದು ಒಂದು ಲೋಹದ ತಲೆಯಿಂದ.

ಹೆಲ್ಮೆಟ್ ಪರೀಕ್ಷೆ ಮಾಡುವ ಲ್ಯಾಬ್‌ಗಳಲ್ಲಿ ಈ ತಲೆ ಇರುತ್ತದೆ. ಅದಕ್ಕೆ ಹೊಸ ಹೆಲ್ಮೆಟ್ ತೊಡಿಸಿ, ಮೇಲಿನಿಂದ ಉಕ್ಕಿನ ಗಟ್ಟಿಯ ಮೇಲೆ ಬೀಳಿಸುತ್ತಾರೆ. ಒಳಗಿನ ತಲೆಗೆ ಎಷ್ಟು ಏಟು ಮುಟ್ಟಿತು ಅಂತ ಅಳೆಯುತ್ತಾರೆ. ಈ ತಲೆಗಳು ಚಿಕ್ಕದು, ಮಧ್ಯಮ, ದೊಡ್ಡದು ಅಂತ ಬೇರೆ ಬೇರೆ ಅಳತೆಯಲ್ಲಿ ಇರುತ್ತವೆ. ಆದರೆ ಗಂಡಸಿನ ತಲೆ, ಹೆಂಗಸಿನ ತಲೆ ಅಂತ ಬೇರೆ ಇಲ್ಲ. ಇನ್ನೊಂದು ಮಾತು, ಆ ತಲೆಗೆ ಕೂದಲೇ ಇಲ್ಲ.

ನಾನು ಇವತ್ತು ಹೇಳಬೇಕಾದದ್ದು ಇಷ್ಟರಲ್ಲೇ ಇದೆ. 'ಲೇಡೀಸ್ ಹೆಲ್ಮೆಟ್' ಅನ್ನುವ ಲೇಬಲ್ ನೋಡಿ ಹೆಲ್ಮೆಟ್ ತಗೋಬೇಡಿ. ನಿಮ್ಮ ತಲೆಯ ಅಳತೆ, ಅದರ ಆಕಾರ, ನೀವು ಕೂದಲು ಕಟ್ಟುವ ರೀತಿ ನೋಡಿ ತಗೊಳ್ಳಿ. ಲ್ಯಾಬಿನಲ್ಲಿ ಪಾಸಾದದ್ದು ಆ ಬೋಳು ತಲೆಗೆ ಸರಿಯಾಗಿ ಕೂತಿದ್ದ ಹೆಲ್ಮೆಟ್. ನಮ್ಮ ತಲೆಯ ಮೇಲೂ ಅದು ಹಾಗೆಯೇ ಕೂರಬೇಕು. ಆ ಕೆಲಸ ಮಾತ್ರ ನಾವೇ ಮಾಡಬೇಕು.

ನನ್ನ ಮೊದಲ ಹೆಲ್ಮೆಟ್ ನಾನು ಬಣ್ಣ ನೋಡಿ ತಗೊಂಡದ್ದು. ತಿಳಿ ನೀಲಿ, ಮೇಲೆ ಬಿಳಿ ಹೂವು. ಹೆಂಗಸರ ಮಾದರಿ ಅಂತಲೇ ಅಂಗಡಿಯವರು ಕೊಟ್ಟರು, ಯಾರೂ ಅಳತೆ ತೆಗೆಯಲಿಲ್ಲ. ನನ್ನದು ದಪ್ಪ ಕೂದಲು, ನೆತ್ತಿಯ ಹಿಂದೆ ಗಂಟು ಕಟ್ಟುತ್ತಿದ್ದೆ. ಹೆಲ್ಮೆಟ್ ಆ ಗಂಟಿನ ಮೇಲೆ ಹೋಗಿ ಕೂರುತ್ತಿತ್ತು, ತಲೆಯ ಮೇಲೆ ಅಲ್ಲ. ಹಣೆ ಪೂರ್ತಿ ಹೊರಗೆ. ಒಂದು ಬೆಳಗ್ಗೆ ತಿರುವಿನಲ್ಲಿ ನಿಧಾನವಾಗಿ, ಹೆಚ್ಚುಕಡಿಮೆ ನಿಂತ ಹಾಗೆಯೇ, ಪಕ್ಕಕ್ಕೆ ಬಿದ್ದೆ. ಹೆಲ್ಮೆಟ್ ಹಿಂದಕ್ಕೆ ಜಾರಿತು, ನೆಲಕ್ಕೆ ಮೊದಲು ತಾಗಿದ್ದು ಹಣೆ. ಚರ್ಮ ತರಚಿದ್ದಕ್ಕೇ ಮುಗಿಯಿತು. ಆದರೆ ಆ ಹೆಲ್ಮೆಟ್ ಅವತ್ತು ಒಂದು ಕೆಲಸವನ್ನೂ ಮಾಡಿರಲಿಲ್ಲ.

'ನಾನೇನು ರೇಸಿಗೆ ಹೋಗ್ತೀನಾ, ಸುಮ್ನೆ ಒಂದು ಸುತ್ತು' ಅನ್ನುವ ಮಾತು ನೀವೂ ಕೇಳಿರುತ್ತೀರಿ. ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಈ ಲೆಕ್ಕ ನೋಡಿ. ಅಮೆರಿಕದಲ್ಲಿ ಸಿಪಿಎಸ್‌ಸಿ ಅಂತ ಗ್ರಾಹಕ ವಸ್ತುಗಳ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಇದೆ, ಅದರ ಹೆಲ್ಮೆಟ್ ನಿಯಮ 1999ರಿಂದ ಜಾರಿಯಲ್ಲಿದೆ. ಆ ನಿಯಮದ ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಚಪ್ಪಟೆ ಉಕ್ಕಿನ ಮೇಲೆ ಸುಮಾರು 2 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಯುರೋಪಿನ ಇಎನ್ 1078 ನಿಯಮದಲ್ಲಿ ಸುಮಾರು 1.5 ಮೀಟರ್. ಸೈಕಲ್ ಮೇಲೆ ಕೂತಾಗ ನಮ್ಮ ತಲೆ ಎಷ್ಟು ಎತ್ತರದಲ್ಲಿರುತ್ತದೆ? ಹೆಚ್ಚುಕಡಿಮೆ ಅಷ್ಟೇ, ಅಲ್ವಾ? ಏನನ್ನಾದರೂ 2 ಮೀಟರ್ ಮೇಲಿಂದ ಬಿಟ್ಟರೆ, ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 22 ಕಿಲೋಮೀಟರ್ ಆಗಿರುತ್ತದೆ. ಅದಕ್ಕೆ ನಾವು ಪೆಡಲ್ ತುಳಿಯಲೇಬೇಕಿಲ್ಲ. ಕಾರು ಗುದ್ದಿದರೆ, ಕಂಬಕ್ಕೆ ಹೋಗಿ ಹೊಡೆದರೆ ಕತೆಯೇ ಬೇರೆ, ಅಲ್ಲಿ ವೇಗ ಖಂಡಿತ ಲೆಕ್ಕಕ್ಕೆ ಬರುತ್ತದೆ. ಆದರೆ ಪಕ್ಕಕ್ಕೆ ಉರುಳಿ ಬೀಳುವುದಿದೆಯಲ್ಲ, ಅದು ನಿಧಾನ ಹೋಗುವವರಿಗೂ ಒಂದೇ, ಜೋರಾಗಿ ಹೋಗುವವರಿಗೂ ಒಂದೇ.

ಹಾಗಾದರೆ ಹೆಂಗಸರ ಹೆಲ್ಮೆಟ್ ಅನ್ನುವುದರಲ್ಲಿ ಏನಿರುತ್ತದೆ? ಎಷ್ಟೋ ಸಲ ಅದೇ ಅಚ್ಚು, ಬೇರೆ ಬಣ್ಣ. ಕೆಲವದರಲ್ಲಿ ಚಿಕ್ಕ ಸೈಜು ಇರುತ್ತದೆ, ಹಿಂದಿನ ಪಟ್ಟಿಯಲ್ಲಿ ಜುಟ್ಟು ಹೊರಗೆ ಬರಲು ಜಾಗ ಇರುತ್ತದೆ. ಈ ಎರಡೂ ಒಳ್ಳೆಯ ಉಪಯೋಗವೇ, ಬೇಡ ಅನ್ನುವುದಿಲ್ಲ. ಆದರೆ ಇವೇ ಉಪಯೋಗ ಗಂಡಸರ ಸಾಲಿನಲ್ಲಿ ಇಟ್ಟ ಹೆಲ್ಮೆಟ್‌ನಲ್ಲೂ ಸಿಗಬಹುದು. ಹಾಗಿದ್ದರೆ ಅದನ್ನೇ ತಗೊಳ್ಳಿ. ತಲೆ ತುಂಬ ಚಿಕ್ಕದಿದ್ದರೆ 'ಯೂತ್' ಅಂತ ಬರೆದದ್ದನ್ನೂ ಹಾಕಿ ನೋಡಿ. ದೊಡ್ಡ ತಲೆಯ ಹೆಣ್ಣುಮಕ್ಕಳೂ ಇದ್ದಾರೆ. ಅವರನ್ನು ಹೆಂಗಸರ ಸಾಲಿನ ಮುಂದೆ ನಿಲ್ಲಿಸಿ 'ಸ್ವಲ್ಪ ಬಿಗಿ, ಆಮೇಲೆ ಸರಿಹೋಗುತ್ತೆ' ಅಂತ ಹೇಳುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸರಿಹೋಗುವುದಿಲ್ಲ. ಒಳಗಿರುವುದು ಥರ್ಮಾಕೋಲ್ ಜಾತಿಯದೇ ವಸ್ತು, ಚಪ್ಪಲಿಯ ಹಾಗೆ ಸಡಿಲವಾಗುವುದಿಲ್ಲ.

ಅಳತೆ ತೆಗೆಯುವುದು ಸುಲಭ. ಬಟ್ಟೆ ಹೊಲಿಯುವವರ ಟೇಪು ಸಾಕು. ಹುಬ್ಬಿನ ಸ್ವಲ್ಪ ಮೇಲಿಂದ, ಕಿವಿಯ ಮೇಲುಭಾಗದಿಂದ, ಹಿಂದೆ ತಲೆ ಉಬ್ಬಿರುವ ಜಾಗದವರೆಗೆ ಒಂದು ಸುತ್ತು. ಟೇಪು ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿಗೆ ಇಡಿ. ಸೈಕಲ್ ಮೇಲೆ ಹೋಗುವಾಗ ಕೂದಲು ಹೇಗಿರುತ್ತದೋ ಹಾಗೆಯೇ ಕಟ್ಟಿಕೊಂಡು ಅಳೆಯಿರಿ. ಬಂದ ಸೆಂಟಿಮೀಟರನ್ನು ಡಬ್ಬದ ಮೇಲಿನ ಸೈಜಿಗೆ ಹೋಲಿಸಿ. ಮೀಡಿಯಂ ಅನ್ನುವ ಪದ ಮಾತ್ರ ನಂಬಬೇಡಿ, ಒಂದು ಕಂಪನಿಯ ಮೀಡಿಯಂ ಇನ್ನೊಂದರ ಸ್ಮಾಲ್ ಆಗಿರಬಹುದು.

ಅಳತೆ ಸರಿ ಬಂದರೂ ಆಕಾರ ಕೈಕೊಡಬಹುದು. ಹಣೆಗೆ ಒತ್ತುತ್ತದೆ, ಕಿವಿಯ ಮೇಲೆ ಪಕ್ಕದಲ್ಲಿ ಮಾತ್ರ ಖಾಲಿ ಜಾಗ ಅಂದರೆ ನಿಮ್ಮ ತಲೆ ಆ ಹೆಲ್ಮೆಟ್ಟಿಗಿಂತ ಉದ್ದ. ಪಕ್ಕದಲ್ಲಿ ಒತ್ತಿ ಹಿಂದೆ ಮುಂದೆ ಖಾಲಿ ಇದ್ದರೆ ತಲೆ ಗುಂಡಗಿದೆ. ಎರಡಕ್ಕೂ ಒಂದೇ ದಾರಿ, ಬೇರೆ ಹೆಲ್ಮೆಟ್ ನೋಡುವುದು.

ಹಿಂದೆ ಒಂದು ಡಯಲ್ ಇರುತ್ತದಲ್ಲ, ಅದರ ಬಗ್ಗೆ ಹೇಳಲೇಬೇಕು. ಅದನ್ನು ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗುತ್ತದೆ, ಅಷ್ಟೇ. ಹೊರಗಿನ ಚಿಪ್ಪು ಚಿಕ್ಕದಾಗುವುದಿಲ್ಲ. ಡಯಲ್ಲನ್ನು ಕೊನೆಯವರೆಗೆ ತಿರುಗಿಸಿದ ಮೇಲೆಯೇ ಹೆಲ್ಮೆಟ್ ತಲೆಯ ಮೇಲೆ ನಿಲ್ಲುತ್ತದೆ ಅಂದರೆ ಅದು ನಿಮಗೆ ದೊಡ್ಡದು. 'ಎಲ್ಲರಿಗೂ ಒಂದೇ ಸೈಜು' ಅಂತ ಬರುವವು ಚಿಕ್ಕ ತಲೆಯವರಿಗೆ ಮೋಸ ಮಾಡುವುದು ಇಲ್ಲಿಯೇ. ಮೊದಲು ಡಯಲ್ ಸಡಿಲ ಬಿಟ್ಟು ಹಾಕಿ ನೋಡಿ. ಆಗಲೇ ಹೆಚ್ಚುಕಡಿಮೆ ಹಿಡಿದ ಹಾಗಿರಬೇಕು. ಆಮೇಲೆ ಬಿಗಿ ಮಾಡಿ, ಗದ್ದದ ಪಟ್ಟಿ ಹಾಕದೆಯೇ ತಲೆ ಆಡಿಸಿ. ಹಣೆಯ ಚರ್ಮ ಹೆಲ್ಮೆಟ್ ಜೊತೆ ಜರುಗಬೇಕು. ಹೆಲ್ಮೆಟ್ ಮಾತ್ರ ಜರುಗಿದರೆ ಸಡಿಲ.

ಕೂರಬೇಕಾದ ಜಾಗ ಹುಬ್ಬಿನಿಂದ ಒಂದೆರಡು ಬೆರಳು ಮೇಲೆ, ನೇರವಾಗಿ. ಟೋಪಿಯ ಹಾಗೆ ಹಿಂದಕ್ಕೆ ವಾಲಿಸಬಾರದು. ಫೋಟೋದಲ್ಲಿ ಮುಖ ಚೆನ್ನಾಗಿ ಕಾಣಲಿ ಅಂತ ಹಿಂದಕ್ಕೆ ತಳ್ಳುವವರು ಜಾಸ್ತಿ. ಕಣ್ಣು ಮಾತ್ರ ಮೇಲಕ್ಕೆತ್ತಿದರೆ ಹೆಲ್ಮೆಟ್ಟಿನ ಅಂಚು ಕಾಣಬೇಕು.

ಪಟ್ಟಿಗಳು ಪ್ರತಿ ಕಿವಿಯ ಕೆಳಗೆ ಸೇರಬೇಕು, ಕಿವಿಯ ಮೇಲೆ ಹಾದುಹೋಗಬಾರದು. ಗದ್ದದ ಕೆಳಗೆ ಒಂದೆರಡು ಬೆರಳು ಹಿಡಿಯುವಷ್ಟು ಜಾಗ ಸಾಕು. ಆಕಳಿಸುವ ಹಾಗೆ ಬಾಯಿ ದೊಡ್ಡದಾಗಿ ತೆರೆಯಿರಿ. ಹೆಲ್ಮೆಟ್ ನೆತ್ತಿಯನ್ನು ಕೆಳಕ್ಕೆ ಎಳೆದ ಹಾಗೆ ಅನಿಸಬೇಕು. ಕೊನೆಗೆ ಅಂಗೈಯಿಂದ ಮುಂದಿನ ಅಂಚನ್ನು ಮೇಲಕ್ಕೆ, ಹಿಂದಕ್ಕೆ ತಳ್ಳಿ. ಹಣೆ ಹೊರಗೆ ಬಂತಾ? ಹಾಗಾದರೆ ಪಟ್ಟಿ ಇನ್ನೂ ಸರಿಯಾಗಿಲ್ಲ. ಲ್ಯಾಬಿನಲ್ಲೂ ಅಂಚಿಗೆ ಭಾರ ಕಟ್ಟಿ ಎಳೆದು, ಹೆಲ್ಮೆಟ್ ತಲೆಯಿಂದ ಕಳಚುತ್ತದಾ ಅಂತ ನೋಡುತ್ತಾರೆ.

ಈಗ ಕೂದಲು. ಇದರ ಬಗ್ಗೆ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ನೆತ್ತಿಯ ಮೇಲೆ ತುರುಬು ಇದ್ದರೆ ಯಾವ ಹೆಲ್ಮೆಟ್ಟೂ ಕೂರುವುದಿಲ್ಲ. ಜುಟ್ಟನ್ನು ಕತ್ತಿನ ಹತ್ತಿರಕ್ಕೆ ಇಳಿಸಿ, ಇಲ್ಲವೇ ಸಡಿಲ ಜಡೆ ಹಾಕಿ. ಒಂದೇ ದಪ್ಪ ಜಡೆ ಡಯಲ್ಲಿನ ಕೆಳಗೆ ಸಿಕ್ಕಿಕೊಂಡು ಹೆಲ್ಮೆಟ್ಟನ್ನು ಮುಂದಕ್ಕೆ ತಳ್ಳುತ್ತಿದ್ದರೆ ಎರಡು ಜಡೆ ಹಾಕಿ ನೋಡಿ, ನನ್ನ ಗೆಳತಿಗೆ ಅದರಿಂದಲೇ ಸರಿಹೋಯಿತು. ದೊಡ್ಡ ಕ್ಲಿಪ್ಪು, ಪಿನ್ನು ಹೆಲ್ಮೆಟ್ಟಿನ ಒಳಗೆ ಬೇಡವೇ ಬೇಡ. ಬಿದ್ದಾಗ ಅದು ತಲೆಗೂ ಗಟ್ಟಿ ಚಿಪ್ಪಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ರಬ್ಬರ್ ಬ್ಯಾಂಡ್ ಸಾಕು. ತಲೆಗೆ ಬಟ್ಟೆ ಕಟ್ಟುವವರು ತೆಳುವಾದದ್ದನ್ನು ಗಂಟಿಲ್ಲದೆ, ಸುಕ್ಕಿಲ್ಲದೆ ಕಟ್ಟಿ, ಅದರ ಮೇಲೆಯೇ ಅಳತೆ ತೆಗೆಯಿರಿ. ಗುಂಗುರು ಕೂದಲಿನವರಿಗೆ ಎಣ್ಣೆ ಹಾಕಿದ ದಿನಕ್ಕೂ ತೊಳೆದ ದಿನಕ್ಕೂ ಡಯಲ್ ಬೇರೆ ಬೇರೆ ಕಡೆ ನಿಲ್ಲಬಹುದು. ಹೊರಡುವ ಮುಂಚೆ ಪ್ರತಿ ಸಲ ಒಮ್ಮೆ ತಿರುಗಿಸಿ ನೋಡಿ, ಐದು ಸೆಕೆಂಡಿನ ಕೆಲಸ.

ಬೆಲೆ ಜಾಸ್ತಿ ಇದ್ದರೆ ಒಳ್ಳೆಯದಾ ಅಂತ ಕೇಳುತ್ತೀರಿ. ಹಾಗೇನೂ ಇಲ್ಲ. ಗಾಳಿಯ ತೂತು, ಹಗುರ, ನಯವಾದ ಬಕಲ್, ಹೆಚ್ಚಿನ ದುಡ್ಡು ಬಹಳಷ್ಟು ಇದಕ್ಕೇ ಹೋಗುತ್ತದೆ. ಒಳಗೆ ಹಳದಿ ಪದರ ಇರುವ ಮಿಪ್ಸ್ ಹೆಲ್ಮೆಟ್ ನೋಡಿರಬಹುದು. ಸ್ವೀಡನ್ನಿನಲ್ಲಿ ಹುಟ್ಟಿದ ತಂತ್ರ ಅದು. ತಲೆ ಓರೆಯಾಗಿ ನೆಲಕ್ಕೆ ಬಡಿದಾಗ ಆ ಪದರ ಸ್ವಲ್ಪ ಜಾರಿ, ತಲೆ ಗಿರ್ರನೆ ತಿರುಗುವುದನ್ನು ಕಡಿಮೆ ಮಾಡುತ್ತದೆ. ನನಗೆ ಇಷ್ಟವಾದ ಉಪಾಯ. ಸಡಿಲ ಮಿಪ್ಸ್ ಮತ್ತು ಸರಿಯಾಗಿ ಕೂರುವ ಸಾದಾ ಹೆಲ್ಮೆಟ್ ಎರಡೇ ಮುಂದಿದ್ದರೆ ನಾನು ಸಾದಾದ್ದನ್ನೇ ತಗೊಳ್ಳುತ್ತೇನೆ.

ಒಮ್ಮೆ ಜೋರಾಗಿ ಬಡಿದ ಹೆಲ್ಮೆಟ್ಟನ್ನು ಮತ್ತೆ ಹಾಕಬೇಡಿ, ಹೊರಗೆ ಬಿರುಕು ಕಾಣದಿದ್ದರೂ. ಒಳಗಿನ ಪದರ ಜಜ್ಜಿಹೋಗಿಯೇ ಏಟು ತಡೆಯುವುದು, ಜಜ್ಜಿದ್ದು ಮತ್ತೆ ಮೊದಲಿನಂತೆ ಆಗುವುದಿಲ್ಲ. ನನ್ನ ತಿಳಿ ನೀಲಿಯನ್ನು ನಾನು ಯಾರಿಗೂ ಕೊಡಲಿಲ್ಲ, ಪಟ್ಟಿ ಕತ್ತರಿಸಿ ಬಿಸಾಕಿದೆ.

ಈಗಿನದು ಬೂದು ಬಣ್ಣ, ಹೂವಿಲ್ಲ. ಹೋದ ತಿಂಗಳು ಕೂದಲು ಭುಜದವರೆಗೆ ಕತ್ತರಿಸಿಕೊಂಡೆ. ಮರುದಿನ ಬೆಳಗ್ಗೆ ಹೆಲ್ಮೆಟ್ ಹಾಕಿ ತಲೆ ಆಡಿಸಿದರೆ ಅಲುಗಾಡಿತು. ಡಯಲ್ ಮೂರು ಕ್ಲಿಕ್ ತಿರುಗಿಸಿದೆ, ಗದ್ದದ ಪಟ್ಟಿ ಸ್ವಲ್ಪ ಎಳೆದೆ, ಬಾಯಿ ತೆರೆದು ನೋಡಿದೆ. ಆಮೇಲೆ ಹೊರಟೆ.