ಶೂನ್ಯ ಟಿಕೆಟ್ಟು ಮತ್ತು ಹದಿನೆಂಟು ಮೊಳದ ಸೀರೆ

ನಮಸ್ಕಾರ. ಬಸ್ಸಿನ ಕಿಟಕಿಗೆ ಆತು, ಉತ್ತರಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವವನು ನಾನು. ಕ್ಯಾಮೆರಾ ಹಿಡಿದವಳು ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳು. ಬಾಗಲಕೋಟೆಯ ನವನಗರದಿಂದ ಇಳಕಲ್ಲಿಗೆ ಹೊರಟಿದ್ದೇವೆ. ರಜೆ ದಸರೆಯದು, ಖರೀದಿ ದೀಪಾವಳಿಯದು. ದೀಪಾವಳಿಗೆ ನಮ್ಮ ಶಾಲೆಗೆ ಸಿಗುವುದು ಎರಡು ಮೂರು ದಿನಗಳ ಬಿಡುವು. ನೀರು ತುಂಬುವುದು, ಆರತಿ ಬೆಳಗಿಸಿಕೊಳ್ಳುವುದು, ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ ಹೂ ಏರಿಸುವುದು, ಎಲ್ಲವೂ ಅಷ್ಟರಲ್ಲೇ ಮುಗಿಯಬೇಕಾದ್ದರಿಂದ ಬಟ್ಟೆಬರೆಯ ಕೆಲಸವನ್ನು ದಸರೆಯಲ್ಲಿಯೇ ತೀರಿಸಿಬಿಡಬೇಕೆಂಬುದು ನಮ್ಮ ಮನೆಯವರ ನಿಯಮ. ಅವರು ಬರೆದ ಪಟ್ಟಿ ಕಟ್ಟಿನ ಮೇಲೆಯೇ ಇದೆ. ಹೊರಡುವಾಗ ಅದರಲ್ಲಿ ಹದಿನಾಲ್ಕು ವಸ್ತುಗಳಿದ್ದವು. ಬಸ್ಸು ಊರು ದಾಟುವಷ್ಟರಲ್ಲಿ ಹದಿನೇಳಾದವು.

ಈ ಕಿಟಕಿಯ ಸೀಟು ನನಗೆ ದೊರೆತದ್ದು ಕಮತಗಿಯಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ನಮ್ಮ ಮನೆಯ ಪ್ರಯಾಣದ ಲೆಕ್ಕ ಬಹಳ ಸುಲಭವಾಗಿದೆ: ಅವ್ವ, ಮನೆಯವರು, ಮಗಳು, ಮೂವರಿಗೂ ಶೂನ್ಯ ಟಿಕೆಟ್ಟು, ದುಡ್ಡು ತೆರುವವನು ನಾನೊಬ್ಬನೇ. ಈ ಪ್ರಯಾಣದಲ್ಲಿಯೂ ದುಡ್ಡು ಕೊಟ್ಟವನು ಕಮತಗಿಯವರೆಗೆ ನಿಂತಿದ್ದ, ಕೊಡದವರು ಕುಳಿತಿದ್ದರು. ಇದನ್ನು ದೂರೆಂದು ಭಾವಿಸಬೇಡಿ. ಬಸ್ಸಿನ ಚಾರ್ಜು ನೆನೆದು ತವರಿಗೆ ಹೋಗುವುದನ್ನು ತಿಂಗಳುಗಟ್ಟಲೆ ಮುಂದೂಡುತ್ತಿದ್ದ ಅವ್ವ ಈಗ ವಾರಕ್ಕೊಂದು ಊರು ತಿರುಗುತ್ತಾಳೆ. ಆಕೆ ಮನೆಯಲ್ಲಿ ಸಿಗುವುದೇ ಅಪರೂಪವಾಗಿದೆ.

ಇಳಕಲ್ಲಿನ ಅಂಗಡಿಗೆ ಬರೋಣ. ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕುಳಿತು ಚಹಾ ಕುಡಿಯುವವರೆಗೆ ಎಲ್ಲವೂ ಶಾಂತವಾಗಿತ್ತು. ಅನಂತರ ಅವ್ವ ತನಗೆ ಹದಿನೆಂಟು ಮೊಳದ ಸೀರೆ ಬೇಕೆಂದಳು, ಅಂಗಡಿಯವರು ಆರು ಗಜದ್ದೇ ಹೆಚ್ಚು ಮಾರಾಟವಾಗುತ್ತದೆಂದರು, ಮನೆಯವರು ಅದು ಎಷ್ಟು ಮೀಟರ್ ಎಂದು ಕೇಳಿದರು. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವನಿಗೆ ಇಂಥ ಸಂದರ್ಭ ದಿನವೂ ಬರುವುದಿಲ್ಲ. ಎರಡು ಮೊಳಕ್ಕೆ ಒಂದು ಗಜ, ಹದಿನೆಂಟು ಮೊಳಕ್ಕೆ ಒಂಬತ್ತು ಗಜ, ಒಂದು ಗಜಕ್ಕೆ 0.9144 ಮೀಟರ್, ಆದ್ದರಿಂದ ಸುಮಾರು 8.2 ಮೀಟರ್ ಎಂದು ನಾನು ವಿವರಿಸಿ ಮುಗಿಸುವಷ್ಟರಲ್ಲಿ ಅವ್ವ ಸೀರೆಯ ತುದಿ ಹಿಡಿದು ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆಯುತ್ತಾ ಹದಿನಾಲ್ಕಕ್ಕೆ ಬಂದಿದ್ದಳು. ನನ್ನ ವಿವರಣೆಯನ್ನು ಕೇಳಿಸಿಕೊಂಡದ್ದು ಕ್ಯಾಮೆರಾ ಒಂದೇ, ಅದನ್ನೂ ಮಗಳು ಕತ್ತರಿಸಿದ್ದಾಳೆ.

ಉದ್ದದ ಸೀರೆ ಅಷ್ಟಾಗಿ ಇಲ್ಲದಿದ್ದರೆ ಒಂದೇ ದೊಡ್ಡ ಹಾಸನ್ನು, ಅಂದರೆ ಮಗ್ಗದ ಉದ್ದದ ಎಳೆಗಳನ್ನು, ಹೂಡಿ ನೇಯ್ದು ಬೇಕಾದಷ್ಟು ಕತ್ತರಿಸಿ ಕೊಡಬಾರದೇಕೆ ಎಂದು ನಾನು ಕೇಳಿದೆ. ಅಂಗಡಿಯವರ ಮುಖದಲ್ಲಿ, ತರಗತಿಯ ಕೊನೆಯ ಬೆಂಚಿನಿಂದ ಅಚ್ಚರಿಯ ಪ್ರಶ್ನೆ ಬಂದಾಗ ನನ್ನ ಮುಖದಲ್ಲಿ ಮೂಡುವ ಭಾವವೇ ಮೂಡಿತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ನೂಲಿನ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿದ ಮೇಲೆಯೇ ಮಗ್ಗದ ಸದ್ದು ಆರಂಭವಾಗುತ್ತದೆ. ಹೀಗಾಗಿ ಆರು ಗಜದ ಸೀರೆಗೆ ಆರು ಗಜದ ಹಾಸನ್ನೇ, ಒಂಬತ್ತು ಗಜದ್ದಕ್ಕೆ ಒಂಬತ್ತು ಗಜದ ಹಾಸನ್ನೇ ಮೊದಲೇ ಹೂಡಬೇಕು. ಕತ್ತರಿಸಿದರೆ ಒಂದು ತುಂಡಿಗೆ ಸೆರಗು ಇರುತ್ತದೆ, ಇನ್ನೊಂದು ಬರೀ ಅರಿವೆಯಾಗುತ್ತದೆ. ಕೆಂಪು ಸೆರಗಿನ ಮೇಲೆ ಬಿಳಿಯ ಬಣ್ಣದಲ್ಲಿ ಕೋಟೆಯ ತೆನೆಗಳಂತೆ ಕಾಣುವ ಟೋಪುತೆನಿಯನ್ನು ಮಗಳಿಗೆ ತೋರಿಸಿ ಅವರು ಇದನ್ನೆಲ್ಲ ಹೇಳುತ್ತಿದ್ದಾಗ ನಾನು ಸದ್ದಿಲ್ಲದೆ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡೆ. ಹತ್ತಿರದ ಮಗ್ಗಗಳ ಸದ್ದು ಕೇಳುತ್ತಲೇ ಬೆಳೆದವನು ಐವತ್ತರ ಹೊಸ್ತಿಲಲ್ಲಿ ಇದನ್ನು ಕಲಿತದ್ದು ಹೆಮ್ಮೆಯ ವಿಷಯವಲ್ಲ.

ಮನೆಯವರ ಆಯ್ಕೆಗೆ ಒಂದೂವರೆ ತಾಸು ಹಿಡಿಯಿತು. ದಾಳಿಂಬೆ ಬಣ್ಣದ ಸೀರೆಗೆ ಗುಳೇದಗುಡ್ಡದ ಖಣ ಹೊಂದುತ್ತದೆಯೋ ಇಲ್ಲವೋ ಎಂಬುದೇ ಚರ್ಚೆ. ಮಗಳು ಅದೇ ಖಣದಲ್ಲಿ ಮೊಬೈಲಿಗೊಂದು ಚೀಲ ಹೊಲಿಸಬೇಕೆಂದಳು. ಖಣ ಕುಪ್ಪಸಕ್ಕಾಗಿಯೇ ಹುಟ್ಟಿದ್ದೆಂದು ಅವ್ವ ಹಟ ಹಿಡಿದಳು. ಕೊನೆಗೆ ಎರಡಕ್ಕೂ ಸಾಲುವಷ್ಟು ಕೊಂಡೆವು. ಹಬ್ಬದ ಮುಂಗಡ ಪಡೆದದ್ದು ಇಂಥ ಸಂಧಾನಗಳಿಗಾಗಿಯೇ; ಸಂಬಳದಲ್ಲಿ ಅದರ ಕಂತು ಕಡಿತವಾಗುವ ತಿಂಗಳುಗಳ ವಿಚಾರವನ್ನು ಈ ವಿಡಿಯೊದಲ್ಲಿ ಎತ್ತುವುದಿಲ್ಲ. ನನ್ನ ಅಂಗಿಯನ್ನು ಅವ್ವನೇ ಆರಿಸಿದಳು: ಸತತ ಮೂರನೆಯ ವರ್ಷ ಅದೇ ನೀಲಿ ಗೆರೆಯದು. ಜಾತ್ರೆಯಲ್ಲಿ ಮಗನನ್ನು ದೂರದಿಂದ ಗುರುತಿಸಲು ಅನುಕೂಲವಂತೆ. ಶಿಕ್ಷಕರಿಗೂ ಸಮವಸ್ತ್ರ ಬಂದಿದೆಯೆಂದು ನನ್ನ ಮಕ್ಕಳು, ಅಂದರೆ ಶಾಲೆಯ ಮಕ್ಕಳು, ತಿಳಿದಿರಬಹುದು.

ಚೌಕಾಸಿಯ ಭಾಗವನ್ನು ಮಗಳು ಪೂರ್ತಿಯಾಗಿ ಉಳಿಸಿದ್ದಾಳೆ. ಅವ್ವ ಕೇಳಿದ ಬೆಲೆಗೆ ಅಂಗಡಿಯವರು ಕೈಮುಗಿದು, “ಯವ್ವಾ, ನನಗ ಬಿದ್ದದ್ದ ಇದಕ್ಕಿಂತ ಹೆಚ್ಚೈತಿ, ನಿಮ್ಮ ಸಲುವಾಗಿ ಲುಕ್ಸಾನ ಮಾಡಕೊಂಡ ಕೊಡಾಕತ್ತೇನಿ” ಎಂದರು. ಅವ್ವ ಛಾವಣಿಯನ್ನೊಮ್ಮೆ ನೋಡಿ, “ಲುಕ್ಸಾನದಾಗ ಎರಡನೇ ಅಂತಸ್ತು ಹೆಂಗ ಏರಿಸಿದಿಯಪ್ಪಾ?” ಎಂದಳು. ಇನ್ನೂರು ರೂಪಾಯಿ ಇಳಿಯಿತು.

ಮರಳುವಾಗ ಅಮೀನಗಡದಲ್ಲಿ ಬಸ್ಸು ನಿಂತ ಐದು ನಿಮಿಷದಲ್ಲಿ ಕರದಂಟು ತಂದೆ. ಕರಿದ ಅಂಟು ಇರುವುದರಿಂದಲೇ ಅದಕ್ಕೆ ಆ ಹೆಸರೆಂದು ಹೇಳಿದರೆ ಮಗಳು ನಂಬಲಿಲ್ಲ. ತುಪ್ಪದಲ್ಲಿ ಅರಳಿಸಿದ ಅಂಟನ್ನು ಬೆಲ್ಲದ ಪಾಕ, ಕೊಬ್ಬರಿ, ಗೋಡಂಬಿಗಳೊಡನೆ ಕೂಡಿಸುತ್ತಾರೆಂದು ಅಜ್ಜಿ ಹೇಳಿದ ಮೇಲೆ ತಕ್ಷಣ ನಂಬಿದಳು. ಸ್ಟಾಫ್ ರೂಮಿಗೆಂದು ಕೊಂಡ ಅರ್ಧ ಕಿಲೋ ಶಿರೂರು ದಾಟುವಷ್ಟರಲ್ಲಿ ಕಾಲು ಕಿಲೋ ಆಗಿತ್ತು.

ಇದು ರಾತ್ರಿ ಹತ್ತು ಗಂಟೆಯ ಚಿತ್ರ. ದಿನವಿಡೀ ತಿರುಗಾಡಿ ಬಂದ ಕಟ್ಟನ್ನು ಈಗಷ್ಟೇ ಬಿಚ್ಚಿದ್ದೇನೆ. ಎಂಟನೆಯ ತರಗತಿಗೆ ನಾನೇ ಕೊಟ್ಟ ಪ್ರಶ್ನೆ: ವ್ಯಾಪಾರಿಯೊಬ್ಬನು ಸೀರೆಯೊಂದನ್ನು 1,200 ರೂಪಾಯಿಗೆ ಮಾರಿ ಶೇಕಡಾ 20ರಷ್ಟು ಲಾಭ ಗಳಿಸಿದರೆ ಅದರ ಅಸಲು ಬೆಲೆ ಎಷ್ಟು? ಉತ್ತರ 1,000. ಮೊದಲ ಪತ್ರಿಕೆಯ ಹುಡುಗ 1,200ಕ್ಕೆ ಅದರ ಶೇಕಡಾ 20ನ್ನು ಕೂಡಿಸಿ ಅಸಲು 1,440 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಾನೆ. ಕೊಂಡದ್ದು 1,440ಕ್ಕೆ, ಮಾರಿದ್ದು 1,200ಕ್ಕೆ. ಕೆಂಪು ಪೆನ್ನು ಎತ್ತಿದ ಕೈಯನ್ನು ಮಗಳು ಬಹಳ ಹತ್ತಿರದಿಂದ ಚಿತ್ರಿಸಿದ್ದಾಳೆ. ಹೊಸ ಸೀರೆಯ ಗಳಿಗೆಯನ್ನು ಮತ್ತೆ ಮಡಿಸುತ್ತಿದ್ದ ಅವ್ವ, ಏಕೆ ನಗುತ್ತೀ ಎಂದು ಕೇಳಿದಳು. ಲೆಕ್ಕವನ್ನು ಓದಿ ಹೇಳಿದೆ. ಆಕೆ ತುಸು ಯೋಚಿಸಿ, “ಆ ಹುಡುಗನ ಅಪ್ಪಂದು ಇಳಕಲ್ಲಾಗ ಅಂಗಡಿ ಐತೇನು?” ಎಂದು ವಿಚಾರಿಸಿದಳು.