50 ಎಂಎಂ ಚೌಕಟ್ಟು ಮತ್ತು ಅದರ ಹೊರಗಿನ ಜಾಗ

ನಮಸ್ಕಾರ. ರೇಂಜ್‌ಫೈಂಡರ್ ಕ್ಯಾಮೆರಾಗೆ, ಅಂದರೆ ಪಕ್ಕದ ಕಿಟಕಿಯಲ್ಲಿ ನೋಡಿ, ಎರಡು ಬಿಂಬ ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾಗೆ, ಒಂದೇ ಒಂದು ಲೆನ್ಸ್ ಇಟ್ಟುಕೊಳ್ಳಿ ಅಂದರೆ ನೀವು ಯಾವುದನ್ನು ಉಳಿಸಿಕೊಳ್ಳುತ್ತೀರಿ? 28, 35, 40, 50 ಎಂಎಂ. ಇದು ಲೆನ್ಸಿನ ಫೋಕಲ್ ಲೆಂತ್, ಅಂಕಿ ಚಿಕ್ಕದಾದಷ್ಟು ನೋಟ ಅಗಲ. ಹೆಚ್ಚಿನವರ ಗೊಂದಲ ಈ ನಾಲ್ಕರ ನಡುವೆಯೇ. ನಾನು ಉಳಿಸಿಕೊಳ್ಳುವುದು 50 ಎಂಎಂ. ಯಾಕೆ ಅನ್ನುವುದನ್ನು ಇವತ್ತು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಈ ವ್ಯೂಫೈಂಡರ್ ನೋಡಿ. ಫೋನ್ ಹಿಡಿದು ಅದರೊಳಗಿನ ನೋಟವನ್ನೇ ತೋರಿಸುತ್ತಿದ್ದೇನೆ. ಒಳಗಿನ ಕನ್ನಡಿಯಿಂದಾಗಿ ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸ್ ಬದಲಿಸಿದರೆ ಕಣ್ಣಿಗೆ ಕಾಣುವುದೆಲ್ಲ ಬದಲಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ನಾವು ನೋಡುವುದು ಲೆನ್ಸಿನ ಮೂಲಕ ಅಲ್ಲ, ಈ ಪುಟ್ಟ ಕಿಟಕಿಯ ಮೂಲಕ. 28 ಹಾಕಿ, 90 ಹಾಕಿ, ಕಿಟಕಿಯ ನೋಟ ಒಂದೇ. ಒಳಗಿನ ಬಿಳಿ ಗೆರೆಗಳ ಚೌಕಟ್ಟು ಮಾತ್ರ ದೊಡ್ಡದಾಗುತ್ತದೆ, ಚಿಕ್ಕದಾಗುತ್ತದೆ. ಹಾಗಾಗಿ ರೇಂಜ್‌ಫೈಂಡರ್‌ಗೆ ಫೋಕಲ್ ಲೆಂತ್ ಆರಿಸುವಾಗ, ಚೌಕಟ್ಟಿನ ಹೊರಗೆ ಎಷ್ಟು ಜಾಗ ಕಾಣಬೇಕು ಅನ್ನುವುದನ್ನೂ ಆರಿಸುತ್ತಿರುತ್ತೇವೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ನನ್ನ ಕೈಲಿರುವುದು ಲೈಕಾ ಎಂ6. ವ್ಯೂಫೈಂಡರ್ 0.72 ಪಟ್ಟಿನದು, ಅಂದರೆ ಎಲ್ಲವೂ ಬರಿಗಣ್ಣಿಗೆ ಕಾಣುವುದಕ್ಕಿಂತ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ. 28ರ ಗೆರೆಗಳು ಅಂಚಿಗೇ ಅಂಟಿಕೊಂಡಿವೆ. ಕನ್ನಡಕ ಹಾಕಿದವರಿಗೆ ಅದರ ನಾಲ್ಕೂ ಮೂಲೆ ಒಟ್ಟಿಗೆ ಕಾಣುವುದು ಕಷ್ಟ. 35 ಆರಾಮಾಗಿ ಕೂರುತ್ತದೆ, ಸುತ್ತ ಒಂದಿಷ್ಟು ಜಾಗ ಉಳಿಯುತ್ತದೆ. 50ರ ಚೌಕಟ್ಟು ನಟ್ಟನಡುವೆ ಇದೆ. ವಿಸ್ತೀರ್ಣದ ಲೆಕ್ಕ ಹಾಕಿದರೆ ಅದು 28ರ ಚೌಕಟ್ಟಿನ ಮೂರನೇ ಒಂದು ಭಾಗಕ್ಕಿಂತಲೂ ಕಮ್ಮಿ. ಮಿಕ್ಕಿದ್ದೆಲ್ಲ ಫೋಟೋದಲ್ಲಿ ಬರುವುದಿಲ್ಲ, ಆದರೆ ನನ್ನ ಕಣ್ಣಿಗೆ ಕಾಣುತ್ತಲೇ ಇರುತ್ತದೆ.

ನನಗೆ ಖುಷಿ ಕೊಡುವುದು ಆ ಮಿಕ್ಕ ಜಾಗ. ಎಡಗಡೆಯಿಂದ ಯಾರೋ ನಡೆದು ಬರುತ್ತಿದ್ದಾರೆ. ಅವರು ಗೆರೆ ದಾಟುವ ಮೊದಲೇ ನನಗೆ ಗೊತ್ತು. ಮೂಲೆಯಲ್ಲಿ ಸೈಕಲ್ ತಿರುಗುತ್ತಿದೆ, ಅದು ಒಳಗೆ ಬರಲಿ ಅಂತ ಕಾಯಬಹುದು. ಒಂದು ಕಂಬ ಅಡ್ಡ ಬರುವ ಹಾಗಿದೆ, ಅರ್ಧ ಹೆಜ್ಜೆ ಸರಿದರೆ ಸಾಕು. ಕಾಯುವುದೋ ಒತ್ತುವುದೋ ಅನ್ನುವ ತೀರ್ಮಾನಕ್ಕೆ ಒಂದು ಕ್ಷಣ ಜಾಸ್ತಿ ಸಿಗುತ್ತದೆ. ಅಂದಹಾಗೆ ಈ ಗೆರೆಗಳನ್ನು ಕತ್ತರಿಸಿದ ಅಂಚು ಅಂತ ನಂಬಬೇಡಿ. ಅವನ್ನು ಹತ್ತಿರದ ದೂರಕ್ಕೆ ಹೊಂದಿಸಿರುತ್ತಾರೆ. ದೂರದ ದೃಶ್ಯದಲ್ಲಿ ಗೆರೆಗಿಂತ ತುಸು ಹೊರಗಿನದ್ದೂ ಫಿಲ್ಮಿಗೆ ಬರುತ್ತದೆ.

50 ಎಂಎಂಗೂ ಈ ಕ್ಯಾಮೆರಾಗಳಿಗೂ ನಂಟು ಹಳೆಯದು. 1925ರಲ್ಲಿ ಮಾರಾಟಕ್ಕೆ ಬಂದ ಮೊದಲ ಲೈಕಾದಲ್ಲೇ 50 ಎಂಎಂ ಎಫ್ 3.5 ಲೆನ್ಸ್ ಇತ್ತು. (ಎಫ್ ಅಂಕಿ ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ. ಅಂಕಿ ಚಿಕ್ಕದಾದಷ್ಟು ಕಿಂಡಿ ದೊಡ್ಡದು.) ಕ್ಯಾಮೆರಾದೊಳಗೇ ರೇಂಜ್‌ಫೈಂಡರ್ ಸೇರಿದ್ದು 1932ರ ಲೈಕಾ 2ರಲ್ಲಿ. 1954ರ ಲೈಕಾ ಎಂ3 ಅಂತೂ 50ಕ್ಕಾಗಿಯೇ ಹುಟ್ಟಿದಂತಿದೆ. ವ್ಯೂಫೈಂಡರ್ 0.91 ಪಟ್ಟು, ಹೆಚ್ಚೂಕಮ್ಮಿ ಬರಿಗಣ್ಣಿನ ನೋಟ. ಎರಡೂ ಕಣ್ಣು ತೆರೆದಿಟ್ಟು ನೋಡಿದರೆ ಗೆರೆಗಳು ಗಾಳಿಯಲ್ಲೇ ತೇಲಿದಂತೆ ಕಾಣುತ್ತವೆ. ಎಷ್ಟು ಚೆಂದ! ಆದರೂ ನನಗೆ 0.72 ಇಷ್ಟ. ಎಂ3ಯಲ್ಲಿ 50ರ ಚೌಕಟ್ಟು ಕಿಟಕಿಯನ್ನು ಬಹುಪಾಲು ತುಂಬಿಬಿಡುತ್ತದೆ, ನಾನು ಹೇಳಿದ ಹೊರಗಿನ ಜಾಗ ಕಮ್ಮಿಯಾಗುತ್ತದೆ. ಫ್ರೆಂಚ್ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೆ ಬ್ರೆಸೋನ್ ಬಹುತೇಕ 50ರಲ್ಲೇ ಕೆಲಸ ಮಾಡಿದರು. ಅಮೆರಿಕದ ಗ್ಯಾರಿ ವಿನೋಗ್ರಾಂಡ್ 28 ಹಿಡಿದು ಜನರ ನಡುವೆ ನುಗ್ಗಿದರು. ಇಬ್ಬರೂ ರಸ್ತೆಯ ಫೋಟೋ ತೆಗೆದವರೇ. ನಿಂತ ದೂರ ಬೇರೆ.

ಆ ದೂರದ ಲೆಕ್ಕ ಸುಲಭ. ಕ್ಯಾಮೆರಾ ಉದ್ದಕ್ಕೆ ಹಿಡಿದು 1.7 ಮೀಟರ್ ಎತ್ತರದ ಒಬ್ಬರನ್ನು ತಲೆಯಿಂದ ಕಾಲಿನವರೆಗೆ ಚೌಕಟ್ಟಿಗೆ ಸರಿಯಾಗಿ ತುಂಬಿಸಬೇಕು ಅಂದುಕೊಳ್ಳಿ. 50ಕ್ಕೆ ಸುಮಾರು 2.4 ಮೀಟರ್ ದೂರ ನಿಲ್ಲಬೇಕು. 35ಕ್ಕೆ 1.7 ಮೀಟರ್. 28ಕ್ಕೆ 1.3 ಮೀಟರ್ ಸಾಕು. ಒಂದು ಮೀಟರ್ ವ್ಯತ್ಯಾಸ ತಾನೇ ಅನ್ನಿಸಬಹುದು. ಆದರೆ ಎದುರಿಗಿರುವವರಿಗೆ ಆ ಒಂದು ಮೀಟರ್ ತುಂಬಾ ದೊಡ್ಡದು. 2.4 ಮೀಟರ್ ದೂರದಲ್ಲಿ ಅವರು ತಮ್ಮ ಕೆಲಸ ಮುಂದುವರಿಸುತ್ತಾರೆ. 1.3ಕ್ಕೆ ಬಂದರೆ ಮಾತು ಶುರುವಾಗಬೇಕು, ಅಲ್ವಾ? ಆ ಮಾತು ಇಷ್ಟಪಡುವವರಿಗೆ 28 ಒಳ್ಳೆಯ ಲೆನ್ಸ್. ನಾನು ಸುಮ್ನೆ ನೋಡುತ್ತಾ ನಿಲ್ಲುವವನು.

50ಕ್ಕೆ ತೆರಬೇಕಾದ ಬೆಲೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಫೋಕಸ್‌ನ ಆಳ, ಅಂದರೆ ಎಷ್ಟು ದೂರದಿಂದ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಬರುತ್ತದೆ ಅನ್ನುವುದು. ಎಫ್ 8ರಲ್ಲಿ 28 ಎಂಎಂ ಲೆನ್ಸನ್ನು 3.3 ಮೀಟರ್‌ಗೆ ಇಟ್ಟರೆ, ಸುಮಾರು 1.6 ಮೀಟರ್‌ನಿಂದ ಹಿಡಿದು ಕಣ್ಣು ಹಾಯುವವರೆಗೂ ಸ್ಪಷ್ಟವಾಗಿ ಬರುತ್ತದೆ. 35ನ್ನು 5 ಮೀಟರ್‌ಗೆ ಇಟ್ಟರೆ 2.5 ಮೀಟರ್‌ನಿಂದ ಆಚೆಗೆಲ್ಲ ಸ್ಪಷ್ಟ. 50ರಲ್ಲಿ ಅದೇ ಸೌಕರ್ಯ ಶುರುವಾಗುವುದೇ 5 ಮೀಟರ್‌ನಿಂದ. ಅಂದರೆ ದೂರ ಅಂದಾಜು ಮಾಡಿ, ಫೋಕಸ್ ಮರೆತು ಕ್ಲಿಕ್ಕಿಸುವ ಆಟ ಇಲ್ಲಿ ಜನರ ಹತ್ತಿರ ನಡೆಯುವುದಿಲ್ಲ. ಪ್ರತಿಸಲ ವ್ಯೂಫೈಂಡರಿನ ನಡುವಿನ ಆ ಹೊಳೆಯುವ ಚೌಕದಲ್ಲಿ ಎರಡು ಬಿಂಬಗಳನ್ನು ಒಂದಾಗಿಸಲೇಬೇಕು. ನನಗೆ ಈ ಕೆಲಸವೇ ಹಿತ. ಆ ಎರಡು ಬಿಂಬ ಒಂದರೊಳಗೊಂದು ಕರಗುವಾಗ, ನಾನು ನೋಡಬೇಕಾದದ್ದು ಇದನ್ನೇ ಅನ್ನುವುದು ಖಚಿತವಾಗುತ್ತದೆ.

35ರ ಪರವಾಗಿ ಒಂದು ಮಾತು ಹೇಳಲೇಬೇಕು. ಫೋಕಸ್ ರಿಂಗಿನ ಕೆಳಗೆ ಬೆರಳು ಕೂರುವ ಪುಟ್ಟ ಹಿಡಿ ಹಲವು 35 ಎಂಎಂ ಲೆನ್ಸ್‌ಗಳಲ್ಲಿ ಇರುತ್ತದೆ. ಅಭ್ಯಾಸವಾದರೆ ಕ್ಯಾಮೆರಾ ಕಣ್ಣಿಗೆ ಏರುವ ಮೊದಲೇ ಬೆರಳು ದೂರ ಹೇಳುತ್ತದೆ. ಮನೆಯೊಳಗೆ, ಇಕ್ಕಟ್ಟಿನಲ್ಲಿ 35ಕ್ಕೆ ಸಾಟಿಯಿಲ್ಲ. ಎಸ್‌ಎಲ್‌ಆರ್‌ನಲ್ಲಿರುವ ಕನ್ನಡಿಯ ಪೆಟ್ಟಿಗೆ ಇಲ್ಲಿ ಇಲ್ಲದ್ದರಿಂದ ಲೆನ್ಸಿನ ಹಿಂದಿನ ಗಾಜು ಫಿಲ್ಮಿಗೆ ಹತ್ತಿರ ಹೋಗಬಹುದು. ರೇಂಜ್‌ಫೈಂಡರ್‌ನ ಅಗಲ ಲೆನ್ಸ್‌ಗಳು ಅಷ್ಟು ಪುಟ್ಟದಾಗಿರಲು ಇದೂ ಒಂದು ಕಾರಣ.

40 ಎಂಎಂ ಅಂತೂ 35, 50 ಎರಡರ ನಡುವಿನ ಒಳ್ಳೆಯ ಆಯ್ಕೆ. ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ3ಯಲ್ಲಿ ಇದ್ದದ್ದು 40 ಎಂಎಂ ಎಫ್ 1.7. 1973ರ ಲೈಕಾ ಸಿಎಲ್‌ನಲ್ಲೂ 40ರ ಗೆರೆ ಇದೆ. ಎಂ6ನಲ್ಲಿ ಇಲ್ಲ. ಆ ಲೆನ್ಸ್ ಹಾಕಿದರೆ 50ರ ಗೆರೆಗಳೇ ಬರುತ್ತವೆ, ಉಳಿದದ್ದನ್ನು ಊಹಿಸಬೇಕು. ನಾನು ಗೆರೆಗಳನ್ನೇ ನೆಚ್ಚಿಕೊಂಡವನಾದ್ದರಿಂದ ಅದು ನನಗೆ ಒಗ್ಗುವುದಿಲ್ಲ.

50ರಲ್ಲೂ ನನ್ನ ಆಯ್ಕೆ ಎಫ್ 2. ಎಫ್ 1.4, ಅದಕ್ಕಿಂತ ದೊಡ್ಡವು ದಪ್ಪ. ಲೆನ್ಸಿನ ಕೊಳವೆ ಚೌಕಟ್ಟಿನ ಬಲಗಡೆಯ ಕೆಳಮೂಲೆಗೆ ಅಡ್ಡ ಬರುತ್ತದೆ. ಇಷ್ಟು ಜಾಗ ಕಾಣಲಿ ಅಂತ ಆರಿಸಿಕೊಂಡ ಮೇಲೆ ಅದನ್ನೇ ಮುಚ್ಚಿಕೊಳ್ಳುವುದು ಯಾಕೆ?

ನಿಮ್ಮದು ಯಾವುದು ಅಂತ ತಿಳಿಯಲು ಹೊಸ ಲೆನ್ಸ್ ಕೊಳ್ಳಬೇಕಿಲ್ಲ. ಈಗಿರುವ ಲೆನ್ಸಿನ ಮೇಲೆ ದೂರದ ಅಂಕಿಗಳಿವೆ. ಮನಸ್ಸಿಗೆ ಹತ್ತಿದ ಪ್ರತಿ ಫೋಟೋ ಆದ ಮೇಲೆ ಆ ಅಂಕಿ ಓದಿ, ಬರೆದಿಟ್ಟುಕೊಳ್ಳಿ. ಒಂದೂವರೆ ಮೀಟರ್ ಸುತ್ತಮುತ್ತ ಜಾಸ್ತಿ ಬಂದರೆ 35 ಅಥವಾ 28 ನೋಡಿ. ಎರಡೂವರೆ, ಮೂರು ಮೀಟರ್‌ನಲ್ಲೇ ರಿಂಗ್ ಮತ್ತೆ ಮತ್ತೆ ನಿಲ್ಲುತ್ತಿದ್ದರೆ, ಒಮ್ಮೆ 50 ಹಾಕಿ ನೋಡಿ.